ಬಾಲಿದ್ವೀಪವೂ ನಮ್ಮ ಯಾತ್ರಿಕರೂ

ಬೆಂಗಳೂರಿನಿಂದ ಬಾಲಿದ್ವೀಪಕ್ಕೆ 2024ರಲ್ಲಿ ನೇರವಾದ ವಿಮಾನಸಂಚಾರವು ಆರಂಭವಾದಂದಿನಿಂದ ಕನ್ನಡಿಗರು ಅಲ್ಲಿಗೆ ಹೋಗಿಬರುವುದು ಸುಲಭವಾಗಿದೆ. ಹೋಗಿಬಂದವರ ಮಾತನ್ನು ಕೇಳಿದರೆ ಸಂತೋಷವೂ ಆಗುತ್ತದೆ, ಸಂಕೋಚವೂ ಆಗುತ್ತದೆ. ಸಮುದ್ರದಾಚೆ ದೇವಾಲಯಗಳನ್ನೂ ರಾಮಾಯಣದ ನೃತ್ಯವನ್ನೂ ಕಂಡು ಹೃದಯವುಬ್ಬುವುದು ಸಹಜವೇ ಸರಿ. ಆದರೆ ಬೆಳಗಿನಿಂದ ಬೈಗಿನವರೆಗೆ ಬಾಡಿಗೆಯ ಮೋಟಾರಿನಲ್ಲಿ ಆರೇಳು ಗುಡಿಗಳನ್ನು ಸುತ್ತಿ, ಪ್ರತಿಯೊಂದರ ಬಾಗಿಲಲ್ಲಿಯೂ ಛಾಯಾಚಿತ್ರ ತೆಗೆಸಿಕೊಂಡು, ಮಧ್ಯಾಹ್ನ ಅಲ್ಲಿಯೂ ದೋಸೆಯನ್ನೇ ಹುಡುಕಿ, "ಇದೆಲ್ಲವೂ ನಾವು ಕಲಿಸಿದ್ದು" ಎಂದು ಹೇಳಿಕೊಂಡು ಹಿಂದಿರುಗುವುದು ಶೋಭೆಯಲ್ಲ. ಈ ವಿಷಯವಾಗಿ ವಾಚಕರಲ್ಲಿ ಎರಡು ಮಾತುಗಳನ್ನು ವಿಜ್ಞಾಪಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ನಾವು ಅಲ್ಲಿ ಕಳೆದ ಒಂದು ದಿನವನ್ನು ಪಕೆರಿಸಾನ್ ನದಿಯ ಕಣಿವೆಯೊಂದಕ್ಕೇ ಮೀಸಲಿಟ್ಟೆವು. ಮೊದಲು ಕಂಡುದು ತೀರ್ಥ ಎಂಪುಲ್. ಹತ್ತನೆಯ ಶತಮಾನದಿಂದ ಪ್ರಸಿದ್ಧವಾದ ಈ ಕ್ಷೇತ್ರದಲ್ಲಿ ನೆಲದೊಳಗಿಂದ ಬುಗ್ಗೆಯು ಮರಳನ್ನು ಕದಡುತ್ತ ಮೇಲಕ್ಕೇಳುತ್ತದೆ. ಇಂದ್ರನು ನೆಲವನ್ನು ಭೇದಿಸಿ ಈ ಜಲವನ್ನು ಹೊರಡಿಸಿದನೆಂದು ಅಲ್ಲಿಯ ಜನರ ನಂಬಿಕೆ. ಸೊಂಟಕ್ಕೆ ವಸ್ತ್ರವನ್ನೂ ಅದರ ಮೇಲೆ ಪಟ್ಟಿಯನ್ನೂ ಸುತ್ತಿಕೊಂಡ ಭಕ್ತರು ಸಾಲಾಗಿ ನಿಂತು, ಒಂದೊಂದು ಧಾರೆಯ ಕೆಳಗೂ ತಲೆಯೊಡ್ಡಿ ಶುದ್ಧರಾಗುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಗುನುಂಗ್ ಕಾವಿ. ಹನ್ನೊಂದನೆಯ ಶತಮಾನದಲ್ಲಿ ನದಿಯ ಎರಡು ದಡಗಳ ಬಂಡೆಯಲ್ಲಿಯೇ ಕೊರೆದ ಹತ್ತು ಗುಡಿಗಳು. ಅಲ್ಲಿಗೆ ಇಳಿಯುವ ಮೆಟ್ಟಿಲುಗಳ ಇಕ್ಕೆಲದಲ್ಲಿಯೂ ಭತ್ತದ ಗದ್ದೆಗಳು. ಒಂದು ಕಣಿವೆಯನ್ನು ನೋಡುವುದಕ್ಕೆ ಒಂದು ದಿನ ಸಾಲದೆಂದು ಸಂಜೆಗೆ ನಮಗೆ ತಿಳಿಯಿತು.

ಮಧ್ಯಾಹ್ನದ ಊಟ ರಸ್ತೆಯ ಬದಿಯ ಒಂದು ಸಣ್ಣ ವಾರುಂಗಿನಲ್ಲಿ. ಮನೆಯ ಗೃಹಿಣಿಯೇ ಅಡಿಗೆಯವಳು. 'ನಾಸಿ ಚಂಪುರ್' ಎಂದರೆ ನಡುವೆ ಅನ್ನ, ಸುತ್ತಲೂ ಬಗೆಬಗೆಯ ವ್ಯಂಜನ. ತೆಂಗಿನ ತುರಿ ಬೆರೆಸಿದ ತರಕಾರಿಯ 'ಊರಬ್' ನಮ್ಮ ಪಲ್ಯಕ್ಕೆ ಸೋದರಿ. ಸೋಯಾ ಕಾಳನ್ನು ಹುದುಗಿಸಿ ಮಾಡಿದ 'ತೆಂಪೆ' ನಮಗೆ ಹೊಸದು. ಅಕ್ಕಿಹಿಟ್ಟಿನ ಉಂಡೆಯೊಳಗೆ ಬೆಲ್ಲವನ್ನಿಟ್ಟು ಬೇಯಿಸಿ, ತೆಂಗಿನ ತುರಿಯಲ್ಲಿ ಹೊರಳಿಸಿದ 'ಕ್ಲೆಪೋನ್' ತಿಂದಾಗ ಮೋದಕದ ನೆನಪಾಗದೆ ಇರಲಿಲ್ಲ. ಮಾಂಸವು ನಿಷಿದ್ಧವಾದವರು ಮೊದಲೇ ತಿಳಿಸಿದರೆ ಅವರಿಗೂ ಅಲ್ಲಿ ಹೊಟ್ಟೆ ತುಂಬುತ್ತದೆ. ಎಲ್ಲಕ್ಕಿಂತ ನಮ್ಮ ಮನಸ್ಸನ್ನು ಹಿಡಿದುದು ಬೇರೊಂದು. ಅಡಿಗೆಯಾದೊಡನೆ, ಯಾರೂ ಉಣ್ಣುವುದಕ್ಕೆ ಮುಂಚೆ, ಬಾಳೆಯೆಲೆಯ ಚೂರುಗಳ ಮೇಲೆ ಚಿಟಿಕೆ ಚಿಟಿಕೆ ಅನ್ನವನ್ನಿಟ್ಟು ಒಲೆಗೂ, ನೀರಿನ ಸ್ಥಳಕ್ಕೂ, ಅಂಗಳಕ್ಕೂ ಅರ್ಪಿಸುವ ಪದ್ಧತಿ. ನಮ್ಮ ಮನೆಗಳಲ್ಲಿ ಬಲಿಹರಣವೆಂಬ ಮಾತೇ ಮರೆಯುತ್ತ ಬಂದಿರುವಾಗ ಅಲ್ಲಿ ಅದಕ್ಕೆ ಸಮಾನವಾದುದು ನಿತ್ಯವೂ ನಡೆಯುತ್ತಿದೆ.

ಬಾಲಿಯ ದೇವಾಲಯವನ್ನೂ ಅಲ್ಲಿಯ ಅನ್ನವನ್ನೂ ಬೇರ್ಪಡಿಸಿ ನೋಡುವುದು ಸಾಧ್ಯವಿಲ್ಲ. ಬುಗ್ಗೆಯ ತೀರ್ಥವೇ ಕೆಳಗೆ ಹರಿದು ಗದ್ದೆಯ ನೀರಾಗುತ್ತದೆ. ಆ ಜನರು ತಮ್ಮ ಧರ್ಮವನ್ನು 'ಆಗಮ ತೀರ್ಥ'ವೆಂದು ಕರೆದುದು ಸುಮ್ಮನೆಯಲ್ಲ. ಒಂದೇ ಮೂಲದ ನೀರನ್ನು ಬಳಸುವ ರೈತರು ಸೇರಿ 'ಸುಬಕ್' ಎಂಬ ಸಂಘವನ್ನು ಕಟ್ಟಿಕೊಂಡು, ಯಾರು ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆಯನ್ನು ಬಿಡುವಾಗಿಡಬೇಕು ಎಂಬುದನ್ನು ಜಲದೇವಾಲಯಗಳ ಸನ್ನಿಧಿಯಲ್ಲಿ ನಿಶ್ಚಯಿಸುತ್ತಾರೆ. ಇಂತಹ ಸಂಘಗಳು ಸುಮಾರು 1,200 ಇವೆ. ಇವುಗಳ ಮೂಲವು ಒಂಬತ್ತನೆಯ ಶತಮಾನಕ್ಕೆ ಹೋಗುತ್ತದೆ. 1970ರ ದಶಕದಲ್ಲಿ ಸರ್ಕಾರದವರು ಹೊಸ ತಳಿಗಳನ್ನು ಕೊಟ್ಟು, ಬಿಡುವಿಲ್ಲದೆ ಬೆಳೆಯಿರೆಂದು ರೈತರನ್ನು ಪ್ರೇರಿಸಿದಾಗ ಈ ಕ್ರಮವು ತಪ್ಪಿತು. ನೀರಿಗೆ ಕಲಹವೂ ಬೆಳೆಗೆ ಕೀಟಗಳ ಹಾವಳಿಯೂ ಹೆಚ್ಚಿದವು. ನೆರೆಹೊರೆಯ ಗದ್ದೆಗಳೆಲ್ಲವೂ ಒಮ್ಮೆಗೇ ಖಾಲಿಯಾದರೆ ಕೀಟಗಳಿಗೆ ಆಶ್ರಯವಿಲ್ಲ, ಎಲ್ಲರೂ ಒಮ್ಮೆಗೇ ನಾಟಿ ಮಾಡಿದರೆ ನೀರು ಸಾಲದು. ಈ ಎರಡರ ನಡುವಣ ತೂಕವನ್ನು ಪೂರ್ವಿಕರು ಕಂಡುಕೊಂಡಿದ್ದರೆಂದು ಆಮೇಲೆ ವಿದ್ವಾಂಸರು ಗಣಿತದಿಂದಲೇ ತೋರಿಸಿದರು. ಯುನೆಸ್ಕೋ ಸಂಸ್ಥೆಯು 2012ರಲ್ಲಿ ಈ ವ್ಯವಸ್ಥೆಗೆ ವಿಶ್ವಪರಂಪರೆಯ ಮನ್ನಣೆಯನ್ನಿತ್ತಿತು. ನೀರುಗಂಟಿಯನ್ನು ಮರೆತು ಕೆರೆಗಳನ್ನು ನಿವೇಶನಗಳಾಗಿಸಿದ ನಾವು ಅಲ್ಲಿಗೆ ಗುರುಗಳಾಗಿ ಹೋಗುವುದಕ್ಕೆ ಬದಲು ಶಿಷ್ಯರಾಗಿ ಹೋಗುವುದು ಮೇಲು.

ಈ ನೀರಿಗೂ ಈ ಗದ್ದೆಗೂ ಈಗ ಅಪಾಯವೊದಗಿದೆ. ಗದ್ದೆಗಳು ಹೋಟೆಲುಗಳಾಗಿಯೂ ವಿಲಾಸಗೃಹಗಳಾಗಿಯೂ ಮಾರ್ಪಡುತ್ತಿವೆ. ಅವುಗಳ ಈಜುಗೊಳಗಳಿಗೂ ನೀರು ಬೇಕು. ಪ್ರವಾಸಿಗರಿಂದಲೇ ಆ ಜನರ ಜೀವನವೆಂದು ಕೆಲವರು ವಾದಿಸುವರು. ಆ ವಾದದಲ್ಲಿ ಸತ್ಯವಿಲ್ಲದಿಲ್ಲ. ಆದರೆ 2020ರ ಮಹಾಮಾರಿಯಲ್ಲಿ ಪ್ರವಾಸಿಗರು ನಿಂತುಹೋದಾಗ ಕೆಲಸ ಕಳೆದುಕೊಂಡ ಎಷ್ಟೋ ಮಂದಿಗೆ ಆಶ್ರಯವಾದುದು ಯಾವುದು? ತಾತಂದಿರ ಗದ್ದೆಯೇ. ಆ ಗದ್ದೆಯನ್ನೇ ಮಾರಿದ ಮೇಲೆ ಇನ್ನೊಂದು ಆಪತ್ತಿಗೆ ಆಶ್ರಯವೆಲ್ಲಿ?

"ಅದು ನಮ್ಮದೇ" ಎಂಬ ಹೆಮ್ಮೆಯ ಬಗ್ಗೆಯೂ ಹೇಳದೆ ಇರಲಾರೆವು. ಬೀಜವು ಎಲ್ಲಿಂದಲಾದರೂ ಬಂದಿರಲಿ, ಸಾವಿರ ವರ್ಷ ನೀರೆರೆದು ಮರವನ್ನು ಬೆಳೆಸಿದವರು ಅವರು. 1906ರಲ್ಲಿ ಡಚ್ಚರ ಸೈನ್ಯವು ಬಂದಿಳಿದಾಗ ಬಾದುಂಗಿನ ರಾಜನೂ ಪರಿವಾರದವರೂ ಬಿಳಿಯ ವಸ್ತ್ರವನ್ನುಟ್ಟು ಕೋವಿಗಳೆದುರಿಗೆ ನಡೆದು ಮಡಿದರು. 1908ರಲ್ಲಿ ಕ್ಲುಂಗ್‌ಕುಂಗಿನವರೂ ಹಾಗೆಯೇ ಮಡಿದರು. ಪರರ ಆಳ್ವಿಕೆಯ ಕಹಿಯನ್ನುಂಡ ನಾವು ಅಂತಹ ಜನರ ಮುಂದೆ ಒಡೆತನದ ಮಾತನ್ನಾಡಬಾರದು.

ಆದುದರಿಂದ ಹೋಗುವವರು ಹೋಗಲಿ. ಏಳು ಗುಡಿಗಳ ಬದಲು ಎರಡನ್ನು ನೋಡಲಿ. ಅಲ್ಲಿಯ ಉಡುಪಿನ ನಿಯಮವನ್ನು ತಮ್ಮ ಊರಿನ ದೇವಸ್ಥಾನದ ನಿಯಮದಂತೆಯೇ ಪಾಲಿಸಲಿ. ಪೂಜೆಗೆ ನಿಂತವರ ಮುಂದೆ ಯಂತ್ರವನ್ನು ಹಿಡಿಯದಿರಲಿ. 2024ರಿಂದ ಪರದೇಶದವರಿಗೆ ವಿಧಿಸಿರುವ 1,50,000 ರುಪಿಯಾ ಕಾಣಿಕೆಯನ್ನು ಗೊಣಗದೆ ಸಲ್ಲಿಸಲಿ. ಅದರಲ್ಲಿ ಒಂದು ಪಾಲು ಸುಬಕಿನ ಕಾಲುವೆಗಳಿಗೆ ಸಲ್ಲಲೆಂದು ಅಲ್ಲಿಯ ಸರ್ಕಾರದವರನ್ನು ನಾವೂ ಪ್ರಾರ್ಥಿಸುತ್ತೇವೆ. ಆ ಊರಿನ ಗೃಹಿಣಿಯ ಕೈಯ ಅನ್ನವನ್ನು ಉಣ್ಣಲಿ. ಉಣ್ಣುವಾಗ ಆ ಅನ್ನಕ್ಕೆ ನೀರು ಎಲ್ಲಿಂದ ಬಂದಿತೆಂದು ಒಂದು ಕ್ಷಣ ಯೋಚಿಸಲಿ. ಊರಿಗೆ ಮರಳಿದ ಮೇಲೆ ತಮ್ಮ ಊರಿನ ಕೆರೆಯ ಏರಿಯ ಮೇಲೆ ನಿಂತು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಕೊಂಡರೆ ಯಾತ್ರೆಯು ಸಾರ್ಥಕವಾದಂತೆ.