ಕೆರೆ ಸದಾ ತುಂಬಿದ್ದರೆ ಮಳೆ ನೀರಿಗೆ ಜಾಗವೆಲ್ಲಿ?

ಬೆಂಗಳೂರಿನ ಕನ್ನಡದ ಯುವಕ ಯುವತಿಯರೇ, ನಿಮ್ಮ ಬಡಾವಣೆಯ ಕೆರೆಗೆ ಕೋಡಿ ಎಲ್ಲಿದೆ, ಬಲ್ಲಿರಾ? ತೂಬು? ದೋಣಿ ವಿಹಾರದ ಟಿಕೆಟ್ ಕಿಟಕಿ ಎಲ್ಲಿ ಎಂದರೆ ಮಾತ್ರ ತಕ್ಷಣ ಬೆರಳು ತೋರಿಸುತ್ತೀರಿ!

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಸುತ್ತ ಹೊರವರ್ತುಲ ರಸ್ತೆಯೇ ಮುಳುಗಿತು. ಕೋಟಿ ಬೆಲೆಯ ಮನೆಗಳವರನ್ನು ಟ್ರ್ಯಾಕ್ಟರಿನಲ್ಲಿ ಹೊರತರಬೇಕಾಯಿತು. ರಾಜಕಾಲುವೆ ಒತ್ತುವರಿಯೇ ಕಾರಣವೆಂದು ಎಲ್ಲರೂ ಕೂಗಿದರು. ನಿಜ. ಆದರೆ ಅರ್ಧ ನಿಜ.

ಇನ್ನರ್ಧ ಕೆರೆಯೊಳಗಿದೆ. ದೊಡ್ಡ ನದಿಯಿಲ್ಲದ ಈ ಊರಿನಲ್ಲಿ ಹಿರಿಯರು ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ಸರಪಳಿಯಂತೆ ಕೆರೆ ಕಟ್ಟಿದರು. ಒಂದು ತುಂಬಿದರೆ ಕೋಡಿ ಹರಿದು ಕೆಳಗಿನದಕ್ಕೆ. ನೀರುಗಂಟಿ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದ. ಬೇಸಿಗೆಯಲ್ಲಿ ರೈತರು ಹೂಳು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಮುಂಗಾರು ಬರುವಾಗ ಕೆರೆಯ ಹೊಟ್ಟೆಯಲ್ಲಿ ಜಾಗವಿರುತ್ತಿತ್ತು. ಆ ಖಾಲಿ ಜಾಗವೇ ಪ್ರವಾಹಕ್ಕೆ ತಡೆ!

ಈಗ? ಗದ್ದೆಯಿಲ್ಲ, ತೂಬು ಎತ್ತುವವರಿಲ್ಲ. ಕೊಳಚೆಯೋ ಸಂಸ್ಕರಿಸಿದ ನೀರೋ ವರ್ಷವಿಡೀ ಬಂದು ಬೀಳುತ್ತದೆ. ದೋಣಿಗೆ ನೀರು ಬೇಕು, ವಾಕಿಂಗ್ ಬರುವವರಿಗೂ ತುಂಬಿದ ಕೆರೆಯೇ ಚೆಂದ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದರೆ ಎಲ್ಲಿಗೆ ಹೋಗಬೇಕು? ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಚಲ್ಲಘಟ್ಟ ಗಾಲ್ಫ್ ಮೈದಾನವಾಯಿತು. ಉಳಿದವನ್ನು ಅಂದದ ತೊಟ್ಟಿ ಮಾಡಿದ್ದೇವೆ.

'ಲೇಕ್ ವ್ಯೂ' ಫ್ಲಾಟುಗಳ ಕರಪತ್ರ ನಮ್ಮ ಪ್ರೆಸ್ಸಿಗೂ ಬರುತ್ತದೆ. ಅಚ್ಚು ಹಾಕಿಯೂ ಕೊಟ್ಟಿದ್ದೇನೆ, ಹೊಟ್ಟೆಪಾಡು. ಒಂದರಲ್ಲೂ ಕೋಡಿಯ ಮಟ್ಟಕ್ಕಿಂತ ಮನೆ ಎಷ್ಟು ಮೇಲಿದೆ ಎಂದು ಬರೆದದ್ದು ಕಂಡಿಲ್ಲ. ಕೆರೆ 'ಲೇಕ್' ಆಯಿತು ನೋಡಿ. ಲೇಕಿಗೆ ವ್ಯೂ ಉಂಟು, ಕೋಡಿಯಿಲ್ಲ, ನೀರುಗಂಟಿಯೂ ಇಲ್ಲ!

ದೋಣಿ ಬೇಡವೆನ್ನುತ್ತಿಲ್ಲ. ಮಕ್ಕಳು ಕೂರಲಿ, ನಲಿಯಲಿ. ಆದರೆ ಮೇ ತಿಂಗಳೊಳಗೆ, ಕೆಳಗಿನ ಕೆರೆಯಿಂದ ಶುರುಮಾಡಿ ಒಂದೊಂದಾಗಿ ನೀರು ತಗ್ಗಿಸಲೇಬೇಕು. ಆ ಎರಡು ಮೂರು ತಿಂಗಳು ದಡದ ಕೆಸರು ಕಂಡರೆ ಮೂಗು ಮುರಿಯಬೇಡಿ. ಕೋಡಿ ಮಟ್ಟವೆಷ್ಟು, ಇವತ್ತಿನ ನೀರೆಷ್ಟು, ತೂಬು ತೆಗೆಯಬೇಕಾದ ಅಧಿಕಾರಿ ಯಾರು, ಇಷ್ಟನ್ನೂ ಪ್ರತಿ ಏರಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಲಿ. ನಗರಾಡಳಿತ ಬರೆಸದಿದ್ದರೆ ಬಣ್ಣದ ಡಬ್ಬಿ ನಾವೇ ಹಿಡಿಯೋಣ. ಬರುವ ಭಾನುವಾರ ನಿಮ್ಮ ಕೆರೆಗೆ ಹೋಗಿ, ಕೋಡಿ ಹುಡುಕಿ, ಸಿಕ್ಕಿತೋ ಮುಚ್ಚಿಹೋಗಿದೆಯೋ ಪತ್ರಿಕೆಗೆ ಬರೆದು ಕಳುಹಿಸಿ.