‘ಗೂಗಲ್‌ನಲ್ಲಿ ನಂಬರ್ ಒನ್ ಗ್ಯಾರಂಟಿ’: ಈ ಮೆಸೇಜ್ ನಂಬಿ ದುಡ್ಡು ಕೊಡಬಹುದೇ?

“ನಿಮ್ಮ ವೆಬ್‌ಸೈಟ್ 30 ದಿನದಲ್ಲಿ ಗೂಗಲ್ ಮೊದಲ ಪುಟಕ್ಕೆ! ನಂಬರ್ ಒನ್ ಗ್ಯಾರಂಟಿ! ಆಫರ್ ಇಂದೇ ಕೊನೆ!” ಹೋಂಸ್ಟೇ, ಕ್ಲಿನಿಕ್, ಟ್ಯೂಷನ್ ಸೆಂಟರ್, ಸೀರೆ ಅಂಗಡಿ ಹೀಗೆ ಸಣ್ಣದೊಂದು ವೆಬ್‌ಸೈಟ್ ಇಟ್ಟುಕೊಂಡವರ ವಾಟ್ಸ್‌ಆಪ್‌ಗೆ ಇಂಥ ಸಂದೇಶ ಬರುತ್ತಲೇ ಇರುತ್ತದೆ. ಒಳ್ಳೆಯದಾಗಲಿ ಎಂದು ಅದನ್ನು ವ್ಯಾಪಾರಿಗಳ ಗುಂಪಿಗೆ ಫಾರ್ವರ್ಡ್ ಮಾಡುವವರೂ ಇದ್ದಾರೆ. ಇದರಲ್ಲಿ ನಿಜ ಎಷ್ಟು?

ಗ್ಯಾರಂಟಿಯ ಮಾತಂತೂ ನಿಜವಲ್ಲ. ಮೊದಲ ಸ್ಥಾನದ ಖಾತ್ರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ತನ್ನ ಮಾರ್ಗಸೂಚಿಯಲ್ಲಿ ಬರೆದಿದೆ. ಹುಡುಕಾಟದ ಸಾಮಾನ್ಯ ಫಲಿತಾಂಶಗಳಲ್ಲಿ ಮೇಲೆ ಬರಲು ಗೂಗಲ್ ಹಣ ತೆಗೆದುಕೊಳ್ಳುವುದೂ ಇಲ್ಲ. ಹಣ ಕೊಟ್ಟು ಮೇಲೆ ಕಾಣಿಸಿಕೊಳ್ಳುವುದು ಜಾಹೀರಾತು ಮಾತ್ರ. ಅದರ ಪಕ್ಕದಲ್ಲಿ ‘ಪ್ರಾಯೋಜಿತ’ ಎಂಬ ಗುರುತು ಇರುತ್ತದೆ, ದುಡ್ಡು ನಿಲ್ಲಿಸಿದ ದಿನ ಅದೂ ಮಾಯ. “ನಮಗೆ ಗೂಗಲ್ ಜೊತೆ ವಿಶೇಷ ಸಂಬಂಧವಿದೆ” ಎಂದು ಯಾರಾದರೂ ಹೇಳಿದರೆ ಮಾತುಕತೆ ಅಲ್ಲಿಗೇ ಮುಗಿಸಬಹುದು.

ಹಾಗಾದರೆ ಕೆಲವರು ನಂಬರ್ ಒನ್ ಮಾಡಿ ತೋರಿಸುತ್ತಾರಲ್ಲ? ಇಲ್ಲೊಂದು ಸುಲಭದ ಚಮತ್ಕಾರವಿದೆ. ಯಾರೂ ಹುಡುಕದ ಪದಗಳನ್ನು ಆರಿಸಿಕೊಂಡರೆ ಮೊದಲ ಸ್ಥಾನ ತಾನಾಗಿ ಸಿಗುತ್ತದೆ. ನಿಮ್ಮ ಅಂಗಡಿಯ ಪೂರ್ತಿ ಹೆಸರು, ಬೀದಿ, ಊರು ಸೇರಿಸಿ ಹುಡುಕಿ, ನೀವೇ ಮೊದಲು ಬರುತ್ತೀರಿ. ಆದರೆ ಹಾಗೆ ಹುಡುಕುವವರಿಗೆ ನಿಮ್ಮ ಅಂಗಡಿ ಮೊದಲೇ ಗೊತ್ತು! ಹೊಸ ಗಿರಾಕಿ ಟೈಪ್ ಮಾಡುವುದು ‘ಸಕಲೇಶಪುರ ಹೋಂಸ್ಟೇ’ ಎಂದು. ಅಲ್ಲಿ ನಿಮ್ಮ ಸ್ಥಾನ ಎಷ್ಟನೆಯದು ಎಂಬುದೇ ಪ್ರಶ್ನೆ. ಇದನ್ನು ನಿಮ್ಮ ಸ್ವಂತ ಮೊಬೈಲ್‌ನಲ್ಲಿ ನೋಡಿ ತೀರ್ಮಾನಿಸಬೇಡಿ. ನೀವು ಇರುವ ಜಾಗಕ್ಕೆ ತಕ್ಕಂತೆ ಫಲಿತಾಂಶ ಬದಲಾಗುತ್ತದೆ, ಅಂಗಡಿಯೊಳಗೇ ಕೂತು ಹುಡುಕಿದರೆ ಅಂಗಡಿ ಮೇಲೆ ಕಾಣುವುದು ಸಹಜ.

ಎಸ್‌ಇಒ, ಅಂದರೆ ಸರ್ಚ್ ಎಂಜಿನ್ ಆಪ್ಟಿಮೈಸೇಷನ್, ಪೂರ್ತಿ ಬೊಗಳೆ ಎಂದೇನೂ ಅಲ್ಲ. ಗೂಗಲ್‌ನ ತಂತ್ರಾಂಶ ವೆಬ್ ಪುಟಗಳನ್ನು ಓದುತ್ತಾ ಹೋಗಿ, ಓದಿದ್ದನ್ನು ಸೂಚಿಯಲ್ಲಿ ಸೇರಿಸಿಟ್ಟು, ಯಾರಾದರೂ ಹುಡುಕಿದಾಗ ಹೊಂದುವ ಪುಟಗಳನ್ನು ಕ್ರಮವಾಗಿ ಜೋಡಿಸುತ್ತದೆ. ಪುಟ ಮೊಬೈಲ್‌ನಲ್ಲಿ ಸರಿಯಾಗಿ ತೆರೆಯುತ್ತಿಲ್ಲ, ಬೆಲೆಪಟ್ಟಿಯೆಲ್ಲ ಚಿತ್ರದಲ್ಲೇ ಇದೆ, ಎಲ್ಲ ಪುಟಗಳಿಗೂ ಒಂದೇ ಶೀರ್ಷಿಕೆ ಇದೆ ಎಂಬಂಥ ದೋಷಗಳನ್ನು ಹುಡುಕಿ ಸರಿಪಡಿಸುವುದು ನಿಜವಾದ ಕೆಲಸ, ಅದಕ್ಕೆ ಕೂಲಿಯೂ ನ್ಯಾಯ. ಆದರೆ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂಬುದು ಗೂಗಲ್‌ನವರದೇ ಅಂದಾಜು. ಮೂವತ್ತು ದಿನದ ಮಾತು ಎಲ್ಲಿಂದ ಬಂತೋ!

ದುಡ್ಡು ಹೋಗುವುದು ಹೆಚ್ಚಾಗಿ ‘ಬ್ಯಾಕ್‌ಲಿಂಕ್’ ಪ್ಯಾಕೇಜ್‌ಗಳಿಗೆ. ಇದರ ಹಿಂದೆ ಒಂದು ಕಥೆ ಇದೆ. ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಪೇಜ್‌ರ‍್ಯಾಂಕ್ ವಿಧಾನದಲ್ಲಿ, ಬೇರೆ ವೆಬ್‌ಸೈಟ್‌ಗಳು ನಿಮ್ಮ ಪುಟಕ್ಕೆ ಕೊಡುವ ಕೊಂಡಿ ಒಂದು ಬಗೆಯ ಮತದಂತೆ. ಮತಕ್ಕೆ ಬೆಲೆ ಬಂದ ಮೇಲೆ ಮಾರಾಟಗಾರರೂ ಹುಟ್ಟಿಕೊಂಡರು. ಅಮೆರಿಕದ ದೊಡ್ಡ ಚಿಲ್ಲರೆ ಮಾರಾಟ ಕಂಪನಿ ಜೆಸಿಪೆನ್ನಿ 2010ರ ಹಬ್ಬದ ದಿನಗಳಲ್ಲಿ ಬಟ್ಟೆ, ಹಾಸಿಗೆ, ಪೀಠೋಪಕರಣ ಹೀಗೆ ಹಲವು ಹುಡುಕಾಟಗಳಲ್ಲಿ ಮೊದಲ ಸ್ಥಾನದಲ್ಲಿತ್ತು. ಸಂಬಂಧವೇ ಇಲ್ಲದ ನೂರಾರು ವೆಬ್‌ಸೈಟ್‌ಗಳಲ್ಲಿ ಅದರ ಕೊಂಡಿಗಳನ್ನು ತುಂಬಿರುವುದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ಗೂಗಲ್ ಕ್ರಮ ಕೈಗೊಂಡಿತು. ‘ಲಿವಿಂಗ್ ರೂಮ್ ಫರ್ನಿಚರ್’ ಹುಡುಕಾಟದಲ್ಲಿ ಒಂದನೇ ಸ್ಥಾನದಲ್ಲಿದ್ದ ಕಂಪನಿ 68ಕ್ಕೆ ಕುಸಿಯಿತು. ತನಗೆ ಇದು ಗೊತ್ತಿರಲಿಲ್ಲ ಎಂದ ಜೆಸಿಪೆನ್ನಿ ತನ್ನ ಎಸ್‌ಇಒ ಸಂಸ್ಥೆಯನ್ನು ಕೈಬಿಟ್ಟಿತು. ಮರುವರ್ಷ ಏಪ್ರಿಲ್‌ನಲ್ಲಿ ಬಂದ ‘ಪೆಂಗ್ವಿನ್’ ಎಂಬ ಪರಿಷ್ಕರಣೆ ಇಂಥ ಕೊಂಡಿಗಳನ್ನೇ ಗುರಿಯಾಗಿಸಿತು. ಅಷ್ಟು ದೊಡ್ಡ ಕಂಪನಿಗೇ ಹೀಗಾದರೆ, ಸಾವಿರ ಬ್ಯಾಕ್‌ಲಿಂಕ್‌ ಕೊಂಡ ಸಣ್ಣ ವೆಬ್‌ಸೈಟ್ ಬಿದ್ದರೆ ಯಾವ ಪತ್ರಿಕೆಯೂ ಬರೆಯುವುದಿಲ್ಲ. ಪೆಟ್ಟು ಬೀಳುವುದೂ ವೆಬ್‌ಸೈಟ್ ಮಾಲೀಕರಿಗೇ, ಕೊಂಡಿ ಮಾರಿದವರು ಹೊಸ ಗಿರಾಕಿ ಹುಡುಕಿಕೊಳ್ಳುತ್ತಾರೆ.

‘ಮೆಟಾ ಕೀವರ್ಡ್ ಸೇರಿಸಿಕೊಡುತ್ತೇವೆ’ ಎಂಬುದೂ ಪಟ್ಟಿಯಲ್ಲಿ ಇರುತ್ತದೆ. ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ. ‘500 ಸರ್ಚ್ ಎಂಜಿನ್‌ಗಳಿಗೆ ಸಲ್ಲಿಕೆ’ ಇನ್ನೊಂದು ತಮಾಷೆ. ಜನ ಬಳಸುವ ಸರ್ಚ್ ಎಂಜಿನ್‌ಗಳನ್ನು ಬೆರಳಲ್ಲಿ ಎಣಿಸಬಹುದು.

ಇನ್ನು ಕರೆಗಳು. “ನಾವು ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ದುಡ್ಡು ಕಟ್ಟದಿದ್ದರೆ ನಿಮ್ಮ ಅಂಗಡಿ ಮ್ಯಾಪ್‌ನಿಂದ ಹೋಗುತ್ತದೆ” ಎಂದು ಹೆದರಿಸುವುದು ಹಳೆಯ ಮೋಸ. ಇಂಥದ್ದೇ ಕರೆ ಮಾಡುತ್ತಿದ್ದ ಫ್ಲಾರಿಡಾದ ಸಂಸ್ಥೆಯೊಂದರ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಮೊಕದ್ದಮೆ ಹೂಡಿತ್ತು. ಮ್ಯಾಪ್‌ನಲ್ಲಿ ಅಂಗಡಿ ತೋರಿಸುವ ಬಿಸಿನೆಸ್ ಪ್ರೊಫೈಲ್ ಪೂರ್ತಿ ಉಚಿತ.

ದುಡ್ಡು ಎಲ್ಲಿ ಹಾಕಬೇಕು?

ಒಂದೇ ಊರಿನ ಗಿರಾಕಿಗಳನ್ನು ನಂಬಿದ ಅಂಗಡಿಗೆ ತಿಂಗಳು ತಿಂಗಳು ಕಟ್ಟುವ ಪ್ಯಾಕೇಜ್ ಬಹುತೇಕ ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಬಿಸಿನೆಸ್ ಪ್ರೊಫೈಲ್‌ನಲ್ಲಿ ಸರಿಯಾದ ಸಮಯ, ಫೋನ್, ಫೋಟೊ ಹಾಕುವುದು ಒಂದು ಸಂಜೆಯ ಕೆಲಸ. ಆನ್‌ಲೈನ್‌ನಲ್ಲೇ ಮಾರುವವರು, ದೂರದ ಊರಿನವರನ್ನು ಕರೆಸಿಕೊಳ್ಳುವವರು ಮೊದಲು ಒಂದು ಸಲದ ತಪಾಸಣೆಗೆ ಮಾತ್ರ ಹಣ ಕೊಟ್ಟು ವರದಿ ಪಡೆಯಲಿ. ಅದರಲ್ಲಿ ನಿಮ್ಮ ಪುಟಗಳ ಹೆಸರು ಹಿಡಿದು ದೋಷ ಹೇಳಿರಬೇಕು. ಯಾರಿಗೆ ಬೇಕಾದರೂ ಹೊಂದುವ ವರದಿಯಾದರೆ ಮುಂದಿನ ಕಂತು ಕೊಡಬೇಡಿ. ತಪಾಸಣೆಗೆ ಪಾಸ್‌ವರ್ಡ್ ಕೊಡುವ ಅಗತ್ಯವೂ ಇಲ್ಲ. ಗೂಗಲ್‌ನ ಉಚಿತ ಸಾಧನ ಸರ್ಚ್ ಕನ್ಸೋಲ್‌ನಲ್ಲಿ ನೋಡಲಷ್ಟೇ ಅನುಮತಿ ಕೊಡುವ ವ್ಯವಸ್ಥೆ ಇದೆ. ಯಾವ ಪದ ಹುಡುಕಿದವರಿಗೆ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಎಂಬುದೂ ಅಲ್ಲೇ ಸಿಗುತ್ತದೆ. ಹಾಗಾಗಿ ಏಜೆನ್ಸಿ ಕಳಿಸುವ ಬಣ್ಣದ ಗ್ರಾಫ್‌ಗಿಂತ ಅದನ್ನೇ ನೋಡಿ, ಜೊತೆಗೆ ತಿಂಗಳಿಗೆ ಬಂದ ಫೋನ್ ಕರೆ, ಆರ್ಡರ್ ಲೆಕ್ಕ ಇಟ್ಟುಕೊಳ್ಳಿ.

ಕೊನೆಗೆ, ಹೆಚ್ಚಿನವರು ಗಮನಿಸದ ಸಂಗತಿ. ವೆಬ್‌ಸೈಟ್‌ನ ಡೊಮೈನ್ ಹೆಸರು ಏಜೆನ್ಸಿಯ ಖಾತೆಯಲ್ಲಿ ನೋಂದಣಿಯಾಗಿದ್ದರೆ, ಜಗಳವಾದ ದಿನ ನಿಮ್ಮ ವೆಬ್‌ಸೈಟ್, ಅದರ ಇಮೇಲ್ ಎರಡೂ ಅವರ ಕೈಯಲ್ಲಿ. ಡೊಮೈನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ಈ ನಾಲ್ಕೂ ನಿಮ್ಮದೇ ಇಮೇಲ್ ಮತ್ತು ಮೊಬೈಲ್ ನಂಬರ್‌ನಲ್ಲಿ ಇವೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಿ.