ಹೊಗೆಗೊಳವೆಯ ಪಾಲನೆಯೂ ಗ್ರಾಮ ಮುಖಂಡರ ಕರ್ತವ್ಯವೂ

ಕೆರೆಯ ತೂಬು ಕೆಟ್ಟರೆ ಊರಿನವರೆಲ್ಲರೂ ಕೂಡಿ ವಿಚಾರಿಸುವರು. ಹೊಲದ ಬದು ಒಡೆದರೆ ಮಳೆಗೆ ಮೊದಲೇ ಕಟ್ಟಿಸುವರು. ಆದರೆ ದಿನಕ್ಕೆ ಎರಡಾವರ್ತಿ ಉರಿಯತಕ್ಕ ಮನೆಯ ಒಲೆಯ ಹೊಗೆಗೊಳವೆ ಮುಚ್ಚಿಹೋದರೆ ಮಾತ್ರ ಅದನ್ನು ಕೇಳುವವರಿಲ್ಲ. ಹೆಂಗಸರು ಕಣ್ಣೊರೆಸಿಕೊಂಡು, ಕೆಮ್ಮುತ್ತ ಕೆಲಸವನ್ನು ಸಾಗಿಸುವರು. ಯಜಮಾನರು ಜಗುಲಿಯಲ್ಲಿ ಕುಳಿತಿರುವುದರಿಂದ ಆ ಹೊಗೆ ಅವರಿಗೆ ತಾಗುವುದಿಲ್ಲ. ಈ ಉದಾಸೀನತೆಯು ತೊಲಗಬೇಕೆಂಬುದೇ ನಮ್ಮ ಅಭಿಪ್ರಾಯ.

ಆರೈಕೆ ತಪ್ಪಿದ ಹೊಗೆಗೊಳವೆಯ ಗತಿಯೇನೆಂಬುದನ್ನು ಬೆಂಗಳೂರಿನ ದಂಡು ಪ್ರದೇಶದಲ್ಲಿಯೇ ಕಾಣಬಹುದು. ೧೮೦೯ರಲ್ಲಿ ದಂಡು ಸ್ಥಾಪಿತವಾದ ಮೇಲೆ ಹಲಸೂರಿನ ಆಸುಪಾಸಿನಲ್ಲಿ ಎದ್ದ ಬಂಗಲೆಗಳಲ್ಲಿ ಅನೇಕಕ್ಕೆ ಗೋಡೆಯೊಳಗಿನ ಅಗ್ಗಿಷ್ಟಿಕೆಯೂ ಮಾಡಿನ ಮೇಲೆ ಇಟ್ಟಿಗೆಯ ಚಿಮಣಿಯೂ ಇದ್ದವು. ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಎತ್ತರವಿರುವ ಈ ಊರಿನಲ್ಲಿ ಚಳಿಯು ಅಲ್ಪವೇನಲ್ಲ. ೧೮೮೪ನೆಯ ಜನವರಿ ೧೩ರಂದು ಉಷ್ಣತೆಯು ೭.೮ ಡಿಗ್ರಿ ಸೆಂಟಿಗ್ರೇಡಿಗೆ ಇಳಿದಿದ್ದಿತು. ಈಗ ಅಂತಹ ಬಂಗಲೆಗಳಲ್ಲಿ ಬಹುಪಾಲು ಕೆಡವಲ್ಪಟ್ಟಿವೆ. ಉಳಿದವುಗಳಲ್ಲಿ ಉಪಯೋಗ ತಪ್ಪಿದ ಚಿಮಣಿಯೊಳಗೆ ಹಕ್ಕಿ ಗೂಡು ಕಟ್ಟುವುದು, ಅರಳಿಯ ಸಸಿ ಬೇರೂರುವುದು, ಗಾರೆ ಉದುರುವುದು ಸಹಜ. ಅದನ್ನು ಪರೀಕ್ಷಿಸದೆ ಚಳಿಯ ರಾತ್ರಿಯೊಂದರಲ್ಲಿ ಬೆಂಕಿ ಹಾಕಿದರೆ ಹೊಗೆಯೆಲ್ಲವೂ ಮಲಗುವ ಕೋಣೆಗೇ ಹಿಂದಿರುಗುವುದು. ಇಂತಹ ಚಿಮಣಿಯನ್ನು ಮೊದಲು ತಲೆಯಿಂದ ಬುಡದವರೆಗೆ ಗುಡಿಸಿ, ಬೇರುಗಳನ್ನು ಕಿತ್ತು, ಹಳೆಯ ಸುಣ್ಣದ ಗಾರೆಯನ್ನು ಸುಣ್ಣದ ಗಾರೆಯಿಂದಲೇ ಸರಿಪಡಿಸತಕ್ಕದ್ದು. ಗಟ್ಟಿ ಸಿಮೆಂಟು ಮೆತ್ತಿದರೆ ಕಾವಿಗೆ ಸಿಡಿದು, ಪಕ್ಕದ ಮೆತು ಇಟ್ಟಿಗೆಯನ್ನೂ ಕೆಡಿಸುವುದು.

ಇದು ಬಂಗಲೆಯವರ ಚಿಂತೆ, ನಮಗೇನೆಂದು ಓದುಗರು ತಿಳಿಯಬಾರದು. ಕೃಷ್ಣರಾಜಪುರದಿಂದ ಪೂರ್ವಕ್ಕೆ ಹೋದಂತೆ, ಅಡಿಗೆಗೆ ಗ್ಯಾಸ್ ಬಂದಿದ್ದರೂ ಹಿತ್ತಲಿನ ಹಂಡೆಯ ಒಲೆ ಆರದಿರುವ ಮನೆಗಳುಂಟು. ಸ್ನಾನದ ನೀರಿಗೂ, ಹಬ್ಬ ಮದುವೆಗಳ ದೊಡ್ಡ ಅಡಿಗೆಗೂ, ಸಿಲಿಂಡರು ತೀರಿದ ದಿನಕ್ಕೂ ಸರ್ವೆ, ನೀಲಗಿರಿ, ತೆಂಗಿನ ಗರಿಗಳೇ ಗತಿ. ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಗ್ಯಾಸ್ ಸಂಪರ್ಕ ದೊರೆಯಿತೆಂಬುದು ನಿಜ. ಅಷ್ಟರಿಂದಲೇ ಸೌದೆಯ ಒಲೆ ಹೋಯಿತೆಂದು ಭಾವಿಸುವುದು ತಪ್ಪು. ಲೋಕದಲ್ಲೆಲ್ಲ ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಸುಮಾರು ೩೨ ಲಕ್ಷ ಜನರು ಮೃತರಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿರುವುದು.

ಒಳ್ಳೆಯ ಒಲೆಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ವಿಭಾಗವು ಜಾಲರಿ, ಮುಚ್ಚಿದ ಉರಿಗೂಡು, ಹೊಗೆಗೊಳವೆಗಳುಳ್ಳ ಮೂರು ಕಣ್ಣಿನ ಅಸ್ತ್ರ ಒಲೆಯನ್ನು ರೂಪಿಸಿತು. ಸರಕಾರದ ಸುಧಾರಿತ ಒಲೆಗಳ ಯೋಜನೆಯೂ ಅನೇಕ ವರ್ಷ ನಡೆದು ೨೦೦೨ರಲ್ಲಿ ನಿಂತಿತು. ಒಲೆ ಕಟ್ಟಿಸಿದ ಉತ್ಸಾಹವು ಅದನ್ನು ನೋಡಿಕೊಳ್ಳುವುದರಲ್ಲಿ ಕಾಣಲಿಲ್ಲ. ಒಡಿಶಾದ ಹಳ್ಳಿಗಳಲ್ಲಿ ಎಸ್ತರ್ ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರು ನಾಲ್ಕು ವರ್ಷ ನಡೆಸಿದ ಪರೀಕ್ಷೆಯೂ ಇದನ್ನೇ ಹೇಳುವುದು: ಸುಧಾರಿತ ಒಲೆಯಿಂದ ಮೊದಲ ವರ್ಷ ಹೊಗೆ ಕಡಿಮೆಯಾಯಿತು, ಜನರು ಅದನ್ನು ನಿಯಮವಾಗಿ ಬಳಸದೆ, ರಿಪೇರಿಯನ್ನೂ ಮಾಡದೆ ಬಿಟ್ಟುದರಿಂದ ಅನಂತರ ಆ ಲಾಭವು ಅಳಿಸಿಹೋಯಿತು.

ಆರೈಕೆಯೇನೂ ಕಷ್ಟವಾದುದಲ್ಲ. ಊದುಬತ್ತಿಯನ್ನು ಹಚ್ಚಿ ಒಲೆಯ ಬಾಯಿಯಲ್ಲಿ ಹಿಡಿದರೆ ಹೊಗೆಯು ಒಳಕ್ಕೆ ಎಳೆಯಲ್ಪಡಬೇಕು. ಹೊರಕ್ಕೆ ಬಂದರೆ ಕೊಳವೆ ಕಟ್ಟಿದೆಯೆಂದು ತಿಳಿಯತಕ್ಕದ್ದು. ಒಲೆ ಪೂರ್ತಿ ಆರಿದ ಮೇಲೆ, ತೆಂಗಿನ ನಾರಿನ ಕಟ್ಟೊಂದನ್ನು ಹಗ್ಗಕ್ಕೆ ಬಿಗಿದು, ಕೆಳಗೊಂದು ಕಲ್ಲಿನ ಭಾರವಿಟ್ಟು, ಮೇಲಿನಿಂದ ಇಳಿಸಿ ಎಳೆದರೆ ಮಸಿಯೂ ಇಲ್ಲಣವೂ ಉದುರುವುವು. ಕೊಳವೆಯು ಹಳೆಯ ಕಲ್ನಾರಿನದಾಗಿದ್ದರೆ ಅದನ್ನು ಗರಗಸದಿಂದ ಕೊಯ್ಯಲೂ ಒಡೆಯಲೂ ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒಲೆಯ ಬಿರುಕುಗಳಿಗೆ ಜೇಡಿಮಣ್ಣು, ಸಗಣಿ, ಕೊಚ್ಚಿದ ಹುಲ್ಲುಗಳನ್ನು ಕಲಸಿ ಮೆತ್ತಿದರೆ ಸಾಕು. ಸೌದೆಯನ್ನು ಒಡೆದು ಒಂದು ಬೇಸಿಗೆಯಾದರೂ ಒಣಗಿಸಬೇಕು. ಹಸಿ ಸೌದೆಯಿಂದ ಕೊಳವೆಯಲ್ಲಿ ಹಿಡಿಯುವ ಜಿಡ್ಡುಮಸಿಯೇ ಒಂದು ದಿನ ಹೊತ್ತಿಕೊಂಡು ಮಾಡಿಗೆ ಬೆಂಕಿಯಾದೀತು. ಕೆಂಡವೆಲ್ಲ ಆರಿದ ಬೂದಿಯಲ್ಲಿ ಪೊಟ್ಯಾಷೂ ಸುಣ್ಣವೂ ಇರುವುದರಿಂದ ಅದನ್ನು ತಿಪ್ಪೆಗೂ ಬಾಳೆಯ ಪಾತಿಗೂ ಹಾಕಬಹುದು. ಯೂರಿಯದೊಡನೆ ಮಾತ್ರ ಬೆರಸಬಾರದು. ಬೆರಸಿದರೆ ಸಾರಜನಕವು ಗಾಳಿಪಾಲಾಗುವುದು.

ಗ್ಯಾಸಿನ ಒಲೆಗೂ ಆರೈಕೆ ಬೇಕು. ಉರಿಯು ನೀಲಿಯಾಗಿರಬೇಕು; ಹಳದಿಗೆ ತಿರುಗಿ ಪಾತ್ರೆಗೆ ಮಸಿ ಹಿಡಿದರೆ ಬರ್ನರಿನ ರಂಧ್ರಗಳನ್ನು ಶುಚಿಮಾಡಬೇಕು. ರಬ್ಬರು ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸೋರಿಕೆಯ ಸಂಶಯವಿದ್ದರೆ ಸಾಬೂನಿನ ನೊರೆ ಹಚ್ಚಿ ನೋಡಬೇಕೇ ಹೊರತು ಬೆಂಕಿಕಡ್ಡಿ ಗೀರಬಾರದು. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ನಿಲ್ಲುವುದು. ಆಗ ವಿದ್ಯುತ್ ಗುಂಡಿಯನ್ನು ಮುಟ್ಟದೆ, ಬಾಗಿಲು ಕಿಟಕಿಗಳನ್ನು ತೆರೆದು, ಹೊರಗೆ ಬಂದು ೧೯೦೬ಕ್ಕೆ ದೂರವಾಣಿ ಮಾಡತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆಯನ್ನಾಗಲಿ, ಗಾಳಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರನ್ನಾಗಲಿ ಉರಿಸಕೂಡದು. ಅಲ್ಲಿ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು ಬಂದಿತೆನ್ನುವಷ್ಟರಲ್ಲಿ ಎದ್ದು ಬಾಗಿಲು ತೆರೆಯುವ ಶಕ್ತಿಯೂ ಹೋಗಿರುವುದು. ಹೀಗೆ ಬಚ್ಚಲಿನಲ್ಲಿಯೇ ಪ್ರಾಣಬಿಟ್ಟವರ ವಾರ್ತೆ ಬೆಂಗಳೂರಿನಲ್ಲಿಯೂ ಹಲವು ಸಲ ಬಂದಿರುವುದು.

ಇವೆಲ್ಲ ಮನೆಮನೆಯ ಕೆಲಸವಲ್ಲವೆ, ಇದರಲ್ಲಿ ಗ್ರಾಮ ಮುಖಂಡರಿಗೇನು ಎಂದು ಕೇಳಬಹುದು. ಮಾಡಿನ ಮೇಲೆ ಹತ್ತಿ ಕೊಳವೆ ಗುಡಿಸುವುದು ಒಬ್ಬಂಟಿ ವಿಧವೆಗೂ ಮುದುಕರಿಗೂ ಆಗದ ಕೆಲಸ. ಊರಿನಲ್ಲಿ ಇಬ್ಬರು ಗಾರೆಯವರಿಗೆ ಈ ಕೆಲಸವನ್ನು ಕಲಿಸಿ, ದೀಪಾವಳಿಗೆ ಮೊದಲು ಒಂದು ವಾರವನ್ನು ಗೊತ್ತುಮಾಡಿ, ಕೂಲಿಯನ್ನು ನಿಷ್ಕರ್ಷಿಸಿದರೆ ಊರೆಲ್ಲದರ ಕೊಳವೆಗಳೂ ಚಳಿಗಾಲಕ್ಕೆ ಸಿದ್ಧವಾಗುವುವು. ಜಮೀನುದಾರರು ತಮ್ಮ ಆಳುಗಳ ಮನೆಗಳ ಕೊಳವೆಯನ್ನೂ ಇದರಲ್ಲಿ ಸೇರಿಸಿ, ಅದರ ಖರ್ಚನ್ನು ತಾವೇ ವಹಿಸುವುದು ಯುಕ್ತ. ತೂಬನ್ನು ನೋಡಲು ನೀರಗಂಟಿಯನ್ನು ನೇಮಿಸಿದ ಹಿರಿಯರ ವಿವೇಕವು ಹೊಗೆಗೊಳವೆಗೂ ಸಲ್ಲತಕ್ಕದ್ದು. ಮುಖಂಡರು ಮೊದಲು ತಮ್ಮ ಮನೆಯ ಅಡಿಗೆಮನೆಗೆ ಹೋಗಿ, ಒಲೆ ಉರಿಯುವಾಗ ಅರ್ಧ ಗಳಿಗೆ ನಿಂತು ನೋಡಲಿ. ಮಿಕ್ಕ ಕೆಲಸಕ್ಕೆ ಬೇರೆ ಉಪದೇಶ ಬೇಕಾಗಲಾರದು.